ರಸ್ತೆ ಕೆಲಸದಲ್ಲಿ ನೀವು ಹೆಲ್ಪರ್ರಾ, ಅಪ್ರೆಂಟಿಸ್ಸಾ?

ಐಟಿಐ ಮುಗಿಸಿ ಶಿರಗುಪ್ಪಿ ಹತ್ತಿರದ ರಸ್ತೆ ಕಾಮಗಾರಿಗೆ ಹೆಲ್ಪರ್ ಆಗಿ ಸೇರಿದ್ರಿ ಅಂದ್ಕೊಳ್ಳಿ. ವರ್ಷ ಕಳೆದ ಮೇಲೆ ಕೈಯಲ್ಲಿ ಏನಿರುತ್ತೆ? ಪಗಾರ ಅಷ್ಟೇ. ಕಲಿತದ್ದಕ್ಕೆ ದಾಖಲೆ ಇರಲ್ಲ.

ಇದಕ್ಕೆ ದಾರಿ 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಜನ ದುಡಿಯೋ ಸಂಸ್ಥೆ, ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಗುತ್ತಿಗೆ ಕಾರ್ಮಿಕರೂ ಈ ಲೆಕ್ಕಕ್ಕೆ ಬರ್ತಾರೆ. ಗುತ್ತಿಗೆದಾರರ ಬಳಿ 200 ಜನ ಇದ್ರೆ, ಕನಿಷ್ಠ 5 ಅಪ್ರೆಂಟಿಸ್.

ಬಾಯಿಮಾತು ಸಾಲದು, ಒಪ್ಪಂದ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಆಗ ಸ್ಟೈಪೆಂಡ್ ನಿಮ್ಮ ಹಕ್ಕು. ಕೆಲಸದಲ್ಲಿ ಪೆಟ್ಟಾದ್ರೆ ಪರಿಹಾರ ಮಾಲೀಕರ ಹೊಣೆ. ತರಬೇತಿ ಮುಗಿಸಿ ಪರೀಕ್ಷೆ ಪಾಸಾದ್ರೆ ಪ್ರಮಾಣಪತ್ರ. ಕಾಯಂ ನೌಕರಿಯ ಖಾತ್ರಿ ಮಾತ್ರ ಇಲ್ಲ.

ಸೇರೋ ದಿನವೇ ಕೇಳಿ: “ನನ್ನ ಒಪ್ಪಂದ ನೋಂದಣಿ ಆಗೇತೇನ್ರಿ?”