ಬೆಟ್ಟದ ಟ್ರೌಟ್, ಗದ್ದೆಯ ಮೀನು: ನೀಲಗಿರಿಯ ಮೀನುಗಾರಿಕೆ ಮತ್ತು ಹೆಸರುಗಳ ದಾಖಲೆ

ನೀಲಗಿರಿಯ ಎಮರಾಲ್ಡ್ ಮತ್ತು ಅವಲಾಂಚ್ ಸುತ್ತಲಿನ ತಣ್ಣೀರಿನಲ್ಲಿ ಬೆಳೆಯುವ ಕಾಮನಬಿಲ್ಲು ಟ್ರೌಟ್, ಪೆಸಿಫಿಕ್ ಸಾಗರದ ಸಾಲ್ಮನ್ ಮೀನುಗಳ ಕುಲಕ್ಕೇ ಸೇರಿದುದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಸಾಲ್ಮನ್ ನದಿಗೇರುವ ಋತುವನ್ನು ಅನುಸರಿಸಿ ತಮ್ಮ ವರ್ಷವನ್ನೇ ರೂಪಿಸಿಕೊಂಡವರು. ಅದನ್ನು ಹಿಡಿಯುವ, ಸೀಳುವ, ಹೊಗೆಯಲ್ಲಿ ಒಣಗಿಸುವ ಒಂದೊಂದು ಕ್ರಿಯೆಗೂ ಅವರ ಭಾಷೆಗಳಲ್ಲಿ ಹೆಸರುಗಳಿವೆ. ನೀಲಗಿರಿಯ ಮೇಲ್ತಟ್ಟಿಗೆ ಬಂದದ್ದು ಮೀನು ಮಾತ್ರ. ಅದರೊಡನೆ ಅಂತಹ ಪರಂಪರೆ ಬರಲಿಲ್ಲ, ಇಲ್ಲಿ ಬೆಳೆಯಲೂ ಇಲ್ಲ.

ಇದಕ್ಕೆ ಮೊದಲ ಕಾರಣ ಭೂಗೋಳದ್ದು. ಕಡಿದಾದ ಅಬ್ಬಿಗಳನ್ನು ದಾಟಿ ಕೆಳಗಿನ ದೊಡ್ಡ ಮೀನುಗಳು ಮೇಲ್ತಟ್ಟಿನ ಹೊಳೆಗಳನ್ನು ಸೇರುವುದು ಕಷ್ಟ. ಅಲ್ಲಿ ನೆಲೆಸಿದ ತೊದವರು ಎಮ್ಮೆ ಸಾಕಣೆಯನ್ನು ಅವಲಂಬಿಸಿದ ಸಸ್ಯಾಹಾರಿಗಳು, ಬಡಗರು ಬೇಸಾಯಗಾರರು. ಎರಡನೆಯ ಕಾರಣ ಆಡಳಿತದ್ದು. ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಟ್ರೌಟನ್ನು ಇಲ್ಲಿ ನೆಲೆಗೊಳಿಸಲು ಯತ್ನಿಸಿ ವಿಫಲನಾದನು. 1907ರಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚ್‌ನಲ್ಲಿ ಮೀನುಮರಿ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಆ ಪ್ರಯತ್ನ ಕೈಗೂಡಿತು. ಅದಕ್ಕೂ ಮೊದಲೇ, 1879ರಲ್ಲಿ, ನೀಲಗಿರಿಗೆಂದೇ ಒಂದು ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆ ಬಂದಿತ್ತು. ಅದು ರಕ್ಷಿಸಹೊರಟ ಮೀನು ಹೊರಗಿನಿಂದ ತಂದು ಇಲ್ಲಿನ ನೀರಿಗೆ ಒಗ್ಗಿಸಿದುದು. ಹೀಗೆ ಟ್ರೌಟ್ ನೀಲಗಿರಿಗೆ ಬಂದದ್ದು ಗಾಳದ ವಿನೋದವಾಗಿ, ಪರವಾನಗಿಯ ವಸ್ತುವಾಗಿ. ಅದರ ಕತೆ ಸರಕಾರಿ ಕಡತಗಳಲ್ಲಿ ಸವಿವರವಾಗಿ ಉಳಿದಿದೆ.

ಸ್ಥಳೀಯ ಮೀನುಗಾರಿಕೆಯನ್ನು ಹುಡುಕಬೇಕಾದುದು ಬೆಟ್ಟದ ಅಡಿಯಲ್ಲಿ. ಪೈಕಾರದ ನೀರು ಮೋಯಾರ್ ಆಗಿ ಮುದುಮಲೈ, ಮಸಿನಗುಡಿಗಳ ಬದಿಯಲ್ಲಿ ಹರಿಯುತ್ತದೆ. ಎಮರಾಲ್ಡ್‌ನ ನೀರು ಕುಂದಾ ಹೊಳೆಯ ಮೂಲಕ ಭವಾನಿಯನ್ನು ಸೇರುತ್ತದೆ. ಇವೆರಡೂ ಕೂಡುವುದು ಭವಾನಿಸಾಗರದಲ್ಲಿ. ಗೂಡಲೂರಿನ ಪಾಂಡಿಯಾರ್ ಮಾತ್ರ ಪಶ್ಚಿಮಕ್ಕೆ ತಿರುಗಿ ಚಾಲಿಯಾರ್ ಮೂಲಕ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಈ ಕಣಿವೆಗಳಲ್ಲಿ ಇರುಳರು, ಕುರುಂಬರು, ಪಣಿಯರು ನೆಲೆಸಿದ್ದಾರೆ.

ಇಂತಹ ಕಣಿವೆಗಳ ಮೀನುಗಾರಿಕೆಗೆ ಋತುವೇ ಪಂಚಾಂಗ. ಮುಂಗಾರಿನ ಮೊದಲ ನೆರೆಯಲ್ಲಿ ಮೊಟ್ಟೆಯಿಡಲು ಮೀನುಗಳು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುತ್ತವೆ. ಮಲೆನಾಡಿನ ಕನ್ನಡದಲ್ಲಿ ಇವು ‘ಹತ್ತುಮೀನು’. ನೀರಿನ ದಾರಿಗೆ ಅಡ್ಡಲಾಗಿ ಇಡುವ ಬಿದಿರಿನ ಬುಟ್ಟಿ ‘ಕೂಣಿ’. ಗೂಡಲೂರು ಮತ್ತು ವಯನಾಡಿನ ಪಣಿಯ ಹೆಂಗಸರು ಗದ್ದೆ, ತೋಡುಗಳಲ್ಲಿ ಕಿರುಮೀನು ಮತ್ತು ಏಡಿಗಳನ್ನು ಹಿಡಿಯುವುದು ಮನೆಯ ಆಹಾರದ ಮುಖ್ಯ ಭಾಗವಾಗಿತ್ತು. ಬೇಸಿಗೆಯಲ್ಲಿ ಹೊಳೆ ಗುಂಡಿಗಳಾಗಿ ಒಡೆದಾಗ ವಿಧಾನ ಬದಲಾಗುತ್ತದೆ: ಗುಂಡಿಗೆ ಒಡ್ಡು ಕಟ್ಟಿ ನೀರೆರಚುವುದು, ಇಲ್ಲವೆ ಕಾರೆಕಾಯಿಯನ್ನು ಜಜ್ಜಿ ನೀರಿಗೆ ಕದಡುವುದು. ಕಾರೆಕಾಯಿಯಲ್ಲಿರುವ ನೊರೆಯಂಶ ಮೀನಿನ ಕಿವಿರುಗಳಿಗೆ ತಾಗಿ ಅದು ಉಸಿರುಗಟ್ಟಿ ಮೇಲೆ ತೇಲುತ್ತದೆ. ಆ ಅಂಶ ಮನುಷ್ಯನ ಕರುಳಿನಲ್ಲಿ ಅಷ್ಟಾಗಿ ಹೀರಲ್ಪಡದ ಕಾರಣ ಮೀನನ್ನು ತಿನ್ನಬಹುದು. ಅಂದಂದಿನ ಮೀನು ಸಾರಿಗೆ; ಮಿಕ್ಕಿದ್ದು ಒಲೆಯ ಮೇಲೆ ತೂಗಿ ಹೊಗೆಗೆ. ಹೊಗೆ ತೇವವನ್ನು ತೆಗೆಯುವುದಲ್ಲದೆ ಕೊಳೆಸುವ ಸೂಕ್ಷ್ಮಜೀವಿಗಳನ್ನೂ ತಡೆಯುತ್ತದೆ. ಸಾಲ್ಮನ್ ನದಿಗಳ ಹೊಗೆಮನೆಯಲ್ಲೂ ಬೆಟ್ಟದಡಿಯ ಒಲೆಯಲ್ಲೂ ಕೆಲಸ ಮಾಡುವ ತತ್ತ್ವ ಒಂದೇ.

ಈ ಜ್ಞಾನ ಕಾನೂನಿನ ಕಣ್ಣಿಗೆ ಬಿದ್ದದ್ದು ಅಪರಾಧವಾಗಿ. ದೇಶೀ ಬೋನುಗಳು ಮರಿಮೀನುಗಳನ್ನೂ ಬಿಡುವುದಿಲ್ಲ ಎಂಬುದು ಡೇಯ 1873ರ ವರದಿಯ ದೂರುಗಳಲ್ಲೊಂದು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದಿನೊಂದಿಗೆ ನೀರಿಗೆ ವಿಷ ಬೆರೆಸುವುದನ್ನೂ ನಿಷೇಧಿಸಿತು. ಈ ಕಾಳಜಿ ನಿರಾಧಾರವಲ್ಲ. ಮೊಟ್ಟೆಯಿಡಲು ಏರುವ ಮೀನನ್ನೇ ಮಿತಿಯಿಲ್ಲದೆ ಹಿಡಿದರೆ ಸಂತತಿ ಅಳಿಯುತ್ತದೆ. ಕಾವೇರಿ ಪಾತ್ರದ ಡುಬ್ಬದ ಬಿಳಿಮೀನು 2018ರಲ್ಲಿ ಅಳಿವಿನ ಅತಿ ಅಂಚಿನ ಪಟ್ಟಿಗೆ ಸೇರಿತು. ಅದರ ಕೊನೆಯ ನೆಲೆಗಳಲ್ಲಿ ಮೋಯಾರ್ ಒಂದು. ಆದರೆ ಗುಂಡಿಯೊಂದಕ್ಕೆ ಅಳತೆಯರಿತು ಕದಡಿದ ಕಾಯಿಯನ್ನೂ ಹೊಳೆಯನ್ನೇ ಬರಿದುಮಾಡುವ ಸಿಡಿಮದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ, ಯಾವಾಗ, ಎಲ್ಲಿ, ಎಷ್ಟು ಎಂಬ ಒಳಗಿನ ಕಟ್ಟಳೆಗಳು ಕಡತಕ್ಕೆ ಬರಲೇ ಇಲ್ಲ.

ಭಾಷಾ ದಾಖಲಾತಿಯ ಪ್ರಶ್ನೆ ಇಲ್ಲಿ ಹಕ್ಕಿನ ಪ್ರಶ್ನೆಯಾಗುತ್ತದೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ 3(1)(ಡಿ) ವಿಧಿ ಮೀನು ಮತ್ತು ಇತರ ಜಲೋತ್ಪನ್ನಗಳ ಬಳಕೆಯನ್ನು ಸಮುದಾಯದ ಹಕ್ಕೆಂದು ಒಪ್ಪುತ್ತದೆ. 2008ರ ನಿಯಮಗಳು ಸಾಂಪ್ರದಾಯಿಕ ಮೀನು ಹಿಡಿಯುವ ತಾಣಗಳನ್ನೂ ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಸ್ವೀಕರಿಸುತ್ತವೆ. ಹೊಳೆಯ ಒಂದು ಮಡುವಿಗೆ ಸಮುದಾಯದ ನುಡಿಯಲ್ಲಿ ಹೆಸರಿದ್ದರೆ, ಅಲ್ಲಿ ಯಾವ ತಿಂಗಳು ಯಾವ ಮೀನು ಯಾರ ಪಾಲು ಎಂಬ ಮಾತಿದ್ದರೆ, ಅದು ಪದಕೋಶದ ನಮೂದೂ ಹೌದು, ಗ್ರಾಮಸಭೆಯ ಮುಂದಿಡಬಹುದಾದ ಪುರಾವೆಯೂ ಹೌದು. ಗದ್ದೆಯ ಮೀನಿಗೆ ಆ ಆಸರೆಯೂ ಇಲ್ಲ: ಕಾಯಿದೆ ಅನ್ವಯಿಸುವುದು ಅರಣ್ಯಭೂಮಿಗೆ, ಪಣಿಯರು ಮೀನು ಹಿಡಿದ ಗದ್ದೆಗಳು ಬಹುಪಾಲು ಪರರವು. ಗದ್ದೆ ಬಾಳೆತೋಟವಾಗಿ, ತೋಡಿಗೆ ಕೀಟನಾಶಕ ಇಳಿದಾಗ ಮೀನಿನೊಡನೆ ಅದರ ಹೆಸರೂ ಹೋಗುತ್ತದೆ.

ಆದುದರಿಂದ ಈ ಕಣಿವೆಗಳ ನುಡಿಗಳನ್ನು ಸಂಗ್ರಹಿಸುವವರು ಮೀನಿನ ಹೆಸರುಗಳ ಪಟ್ಟಿಗೆ ನಿಲ್ಲುವಂತಿಲ್ಲ. ಬೋನಿನ ಭಾಗಗಳು, ಮಡುವಿನ ಹೆಸರು, ನೀರಿನ ಸ್ಥಿತಿ, ಪಾಲಿನ ಕ್ರಮ, ಒಣಗಿಸುವ ಹಂತ, ಹಿಡಿಯಬಾರದ ಕಾಲ – ಇವು ಒಟ್ಟಾಗಿ ದಾಖಲಾಗಬೇಕು. ಹೆಂಗಸರನ್ನು ಮೊದಲು ಕೇಳಬೇಕು, ಏಕೆಂದರೆ ಗದ್ದೆಯ ಮೀನು ಅವರ ಕೈಯದು. ಒಂದು ಶತಮಾನದ ಟ್ರೌಟ್ ಪತ್ರಾಗಾರದಲ್ಲಿದೆ. ಅದಕ್ಕಿಂತ ಹಳೆಯದಾದ ಈ ಅರಿವು ಹಿರಿಯರ ಮಾತಿನಲ್ಲಷ್ಟೇ ಇದೆ.