ಮಬ್ಬು ಬಿಯರಿನ ರುಚಿ ಪರೀಕ್ಷೆ

ಕುಂದಗೋಳ ಸೀಮೆಯ ಎರೆಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ ಖಾರವನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಕೊಳ್ಳುವವನು ನೋಡುವುದು ಅದರ ಕಡುಗೆಂಪನ್ನು, ಸಿಪ್ಪೆಯ ಸುಕ್ಕನ್ನು. ಖಾರವೇ ಮೆಣಸಿನ ಧರ್ಮವೆಂದು ತಿಳಿದ ಪರಸ್ಥಳದವರಿಗೆ ಇದು ವಿಚಿತ್ರ, ಇಲ್ಲಿಯವರಿಗೆ ಸಹಜ. ಬೆಂಗಳೂರಿನಲ್ಲಿ, ತಾವೇ ತಯಾರಿಸಿ ತಾವೇ ಬಡಿಸುವ ಪಾನಗೃಹಗಳು ಹೆಚ್ಚಿದಂತೆ ಮಾತಿಗೆ ಬಂದಿರುವ ಮಬ್ಬು ಐಪಿಎ ಎಂಬ ಬಿಯರನ್ನು ಅರಿಯಲು ಈ ತಿಳಿವಳಿಕೆಯೇ ಸಾಕಷ್ಟು ನೆರವಾಗುತ್ತದೆ.

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಇಂಡಿಯಾ ಎಂಬ ಮಾತು ಅದಕ್ಕೆ ಅಂಟಿದ್ದು ಬೆಳೆದ ನೆಲದಿಂದಲ್ಲ, ಕುಡಿದ ಗಿರಾಕಿಯಿಂದ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಹಾಜ್‌ಸನ್ ಎಂಬವರ ಬಿಯರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ತಿಂಗಳುಗಟ್ಟಲೆ ಪಯಣಿಸಿ ಇಲ್ಲಿನ ಬಂದರುಗಳನ್ನು ಸೇರುತ್ತಿತ್ತು. ಅಂಥ ಬಿಯರಿಗೆ ಹಾಪ್ ಹೂವನ್ನು ಧಾರಾಳವಾಗಿ ಹಾಕುತ್ತಿದ್ದರು. ಹಾಪ್ ಒಂದು ಬಳ್ಳಿ. ಗಾಂಜಾ ಗಿಡದ ಸಸ್ಯಕುಟುಂಬಕ್ಕೆ ಸೇರಿದ್ದು. ಅದರ ಹೆಣ್ಣುಹೂವಿನ ಹಳದಿ ಪುಡಿಯನ್ನು ಕುದಿಸಿದರೆ ಕಹಿ ಹುಟ್ಟುತ್ತದೆ. ಕೆಡಿಸುವ ಸೂಕ್ಷ್ಮಜೀವಿಗಳನ್ನು ಆ ಕಹಿ ತಡೆಯುತ್ತದೆ. ಕುದಿ ಇಳಿದ ಮೇಲೆ, ಹುದುಗಿನ ಕಾಲದಲ್ಲಿ ಹಾಕಿದರೆ ಮುಖ್ಯವಾಗಿ ಗಂಧ ಬರುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದ ವಾಟರ್‌ಬರಿಯಲ್ಲಿ 2003ರಲ್ಲಿ ‘ದಿ ಆಲ್ಕೆಮಿಸ್ಟ್’ ಎಂಬ ಪಾನಗೃಹವನ್ನು ತೆರೆದ ಜಾನ್ ಕಿಮಿಚ್ ಈ ಗಂಧದ ಹಾದಿಯನ್ನು ಹೆಸರಿಗೆ ತಂದರು. ಕಹಿ ತಗ್ಗಿತು, ಪರಿಮಳ ಏರಿತು. ಬ್ಯಾಡಗಿಯಲ್ಲಿ ಖಾರ ತಗ್ಗಿ ಬಣ್ಣ ಏರಿಲ್ಲವೆ, ಹಾಗೆ.

ಮಬ್ಬೇ ಈ ಬಿಯರಿನ ಹೆಸರು. ಆದರೂ ಬಿಯರ್ ಪಂದ್ಯಗಳಲ್ಲಿ ಬಳಕೆಯಲ್ಲಿರುವ ಅಮೆರಿಕದ ಒಂದು ಪ್ರಸಿದ್ಧ ಅಂಕಪಟ್ಟಿಯಲ್ಲಿ 50 ಅಂಕಗಳಿಗೆ ನೋಟಕ್ಕೆ ಸಲ್ಲುವುದು ಕೇವಲ 3. ಗಂಧಕ್ಕೆ 12, ರುಚಿಗೆ 20, ಬಾಯಲ್ಲಿ ತುಂಬುವ ಹದಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಮಬ್ಬನ್ನು ಕಂಡೇ ಮರುಳಾಗುವವರು ಈ ಲೆಕ್ಕವನ್ನು ನೆನೆಯಬೇಕು. ಓಟ್ಸ್, ಗೋಧಿಗಳ ಸಸಾರಜನಕವೂ ಹಾಪಿನ ಒಗರೂ ಕೂಡಿ ಆದ ಮಬ್ಬು ಮಜ್ಜಿಗೆಯ ತಿಳಿಯಂತೆ ಸಮನಾಗಿ ಹರಡಿರುತ್ತದೆ. ಲೋಟದ ತಳದಲ್ಲಿ ಗಷ್ಟು ಕೂತಿದ್ದರೆ, ಎಳೆಎಳೆಯಾಗಿ ತೇಲಿದರೆ, ಅದು ಗುಣವಲ್ಲ, ಅವಸರದ ಕೆಲಸ.

ಲೋಟವನ್ನು ಅರ್ಧಕ್ಕೆ ತುಂಬಿಸಿ ಮೊದಲು ಮೂಗಿಗೆ ಹಿಡಿಯಬೇಕು. ಮಂಜಿನಷ್ಟು ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ತುಸು ಕಾಯಬೇಕು. ಆಗ ಮಾವು, ಕಿತ್ತಳೆ, ಪೇರಲ ಎಂದು ಒಂದೊಂದಾಗಿ ನೆನಪಾಗುತ್ತವೆ. ಹಣ್ಣಿನ ರಸವೇನೂ ಬೆರೆತಿರಬೇಕಿಲ್ಲ. ಮಾವಿನಲ್ಲಿರುವ ಮಿರ್ಸೀನ್ ಎಂಬ ಗಂಧದ್ರವ್ಯ ಹಾಪಿನಲ್ಲಿಯೂ ಇದೆ. ಕೊತ್ತಂಬರಿ ಕಾಳಿನ ಲಿನಲೂಲ್ ಕೂಡ. ಆಪೂಸು ಹಣ್ಣಾಗುವ ಮನೆಯಲ್ಲಿ ಬೆಳೆದ ಮೂಗಿಗೆ ಇಲ್ಲಿ ಬೇರೆ ಗುರು ಬೇಡ. ಬಿಯರು ಮುಟ್ಟದವರು ಈ ಅಭ್ಯಾಸವನ್ನು ಹಣ್ಣಿನ ಬುಟ್ಟಿಯ ಮೇಲೆಯೇ ಮಾಡಬಹುದು.

ಅನಂತರ ಒಂದು ಗುಟುಕು. ನಾಲಗೆಯ ಮೇಲೆ ಮೆತ್ತಗೆ, ದುಂಡಗೆ ಹರಡಬೇಕು. ಕಹಿ ಕೊನೆಗೆ ಬಂದು ಬೇಗನೆ ಹಿಂಜರಿಯಬೇಕು. ಗಂಟಲು ಕೆರೆದರೆ ಹಾಪಿನ ಚೂರು ಉಳಿದಿರಬಹುದು. ಮದ್ಯಾಂಶ ಸಾಮಾನ್ಯವಾಗಿ ನೂರಕ್ಕೆ 6ರಿಂದ 9. ರುಚಿ ಮೃದುವಾದುದರಿಂದ ಇದು ಮರೆತುಹೋಗುತ್ತದೆ. ಪರೀಕ್ಷೆಗೆ ನಾಲ್ಕಾರು ಗುಟುಕು ಸಾಕು.

ಇದರ ದೊಡ್ಡ ಶತ್ರು ಗಾಳಿ, ಅದರ ಬೆನ್ನಿಗೆ ಬಿಸಿ. ಗಾಳಿ ತಾಗಿದೊಡನೆ ಗಂಧ ಕುಂದಿ, ಹೊಳೆಯುವ ಹಳದಿ ಮಸುಕಾಗಿ ಬೂದುಗಂದಿಗೆ ತಿರುಗುತ್ತದೆ. ಒದ್ದೆ ರಟ್ಟಿನ ವಾಸನೆ ಮೇಲೇಳುತ್ತದೆ. ಸಮುದ್ರ ದಾಟಿ ಬರಲೆಂದು ಕಹಿ ಹೊತ್ತ ಬಿಯರಿನ ವಂಶದಲ್ಲಿ ಹುಟ್ಟಿದ ಈ ಕೂಸು ಬಿಸಿಲಿನಲ್ಲಿ ಲಾರಿಯೇರಿ ಹುಬ್ಬಳ್ಳಿಗೆ ಬರುವಷ್ಟರಲ್ಲಿಯೇ ಬಾಡಬಹುದು. ಆದ್ದರಿಂದ ಡಬ್ಬಿಯಲ್ಲಿ ಕೊಳ್ಳುವವರು ಹೆಸರಿಗಿಂತ ಮೊದಲು ತುಂಬಿದ ದಿನಾಂಕವನ್ನು ಓದಬೇಕು. ತಿಂಗಳುಗಳು ಕಳೆದಿದ್ದರೆ, ತಂಪಿನಲ್ಲಿ ಇಡದೆ ಅಂಗಡಿಯ ಕಪಾಟಿನ ಮೇಲೆಯೇ ನಿಲ್ಲಿಸಿದ್ದರೆ, ಅಲ್ಲಿಯೇ ಬಿಟ್ಟು ಬರಬೇಕು.