ನಿಮಗಿದು ಗೊತ್ತೇ? ಯಹೂದಿಗಳ ಪ್ರಾರ್ಥನೆಯಲ್ಲಿ ದೇವರ ಕರುಣೆ, ಮನುಷ್ಯನ ಬದಲಾವಣೆ

ಯಹೂದಿಗಳು ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಹೇಳುವ ಪುಟ್ಟ ಪ್ರಾರ್ಥನೆ ‘ಮೋದೆ ಅನಿ’. ಪ್ರಾಣವನ್ನು ಕರುಣೆಯಿಂದ ಮರಳಿಸಿದ್ದಕ್ಕೆ ಕೃತಜ್ಞತೆ. ಇದರಲ್ಲಿ ದೇವನಾಮ ಬರುವುದಿಲ್ಲ, ಹಾಗಾಗಿ ಕೈ ತೊಳೆಯುವ ಮುಂಚೆಯೇ ಹೇಳಬಹುದು.

ಬೈಬಲ್ಲಿನ ಕಥೆಯೊಂದರಲ್ಲಿ, ಮಕ್ಕಳಿಲ್ಲದ ಹನ್ನ ಎಂಬಾಕೆ ಶೀಲೋ ಊರಿನ ದೇವಾಲಯದಲ್ಲಿ ಅಳುತ್ತಾ ಬೇಡುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಕುಡಿದು ಬಂದಿದ್ದಾಳೆಂದು ಪುರೋಹಿತ ಏಲಿ ಗದರಿದ. ಕುಡಿದಿಲ್ಲ, ಮನಸ್ಸಿನ ಸಂಕಟ ತೋಡಿಕೊಳ್ಳುತ್ತಿದ್ದೇನೆ ಎಂದಳು. ಮುಂದೆ ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನ ಪಂಡಿತರು ಪ್ರಾರ್ಥನೆಯ ನಿಯಮಗಳನ್ನು ಕಲಿತದ್ದು ಪುರೋಹಿತನಿಂದಲ್ಲ, ಈ ಹೆಣ್ಣುಮಗಳಿಂದ! ದಿನಕ್ಕೆ ಮೂರು ಬಾರಿ ಹೇಳುವ ‘ಅಮಿದಾ’ ಪ್ರಾರ್ಥನೆಯನ್ನು ಇಂದಿಗೂ ಪಾದ ಜೋಡಿಸಿ ನಿಂತು, ಜೆರುಸಲೇಮಿನತ್ತ ಮುಖಮಾಡಿ, ತುಟಿಯಲ್ಲೇ ಹೇಳುತ್ತಾರೆ.

ದೇವರೂ ಪ್ರಾರ್ಥಿಸುತ್ತಾನೆ ಎನ್ನುತ್ತದೆ ತಾಲ್ಮುದ್. ಏನೆಂದು? ತನ್ನ ಕೋಪವನ್ನು ತನ್ನ ಕರುಣೆಯೇ ಗೆಲ್ಲಲಿ ಎಂದು. ಇದಕ್ಕಿಂತ ದೊಡ್ಡ ಭರವಸೆ ಭಕ್ತನಿಗೆ ಇನ್ನೇನು ಬೇಕು?

ಚಿನ್ನದ ಕರುವನ್ನು ಪೂಜಿಸಿದ ಜನರನ್ನು ಕ್ಷಮಿಸುವ ಹೊತ್ತಿನಲ್ಲಿ ದೇವರು ಪ್ರವಾದಿ ಮೋಶೆಗೆ ತಿಳಿಸಿದ 13 ಕರುಣಾಗುಣಗಳು ಇಂದು ಕ್ಷಮಾಯಾಚನೆಯ ಪ್ರಾರ್ಥನೆಗಳ ಜೀವಾಳ.

ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ಸುಮಾರು 25 ಗಂಟೆ ಅನ್ನ, ನೀರು ಎರಡೂ ಇಲ್ಲ. ಚರ್ಮದ ಚಪ್ಪಲಿ ಹಾಕುವಂತಿಲ್ಲ. ಮಧ್ಯಾಹ್ನ ಪ್ರವಾದಿ ಯೋನನ ಕಥೆ ಓದುತ್ತಾರೆ: ನಿನೆವೆ ನಗರದ ಜನ ದಾರಿ ಬದಲಿಸಿದರು, ದೇವರು ಶಿಕ್ಷೆಯನ್ನು ಕೈಬಿಟ್ಟ.

ಆದರೆ ಅಂದು ಎಷ್ಟೇ ಮೊರೆಯಿಟ್ಟರೂ, ನೆರೆಯವನಿಗೆ ಮಾಡಿದ ಅನ್ಯಾಯ ಅವನನ್ನು ಸಮಾಧಾನಪಡಿಸುವವರೆಗೂ ಪರಿಹಾರವಾಗದು ಎಂದು ತಾಲ್ಮುದ್‌ನ ಮೂಲಭಾಗವಾದ ಮಿಶ್ನಾ ಖಡಾಖಂಡಿತವಾಗಿ ಹೇಳುತ್ತದೆ. ನನ್ನ ಮಟ್ಟಿಗೆ ಈ ಪರಂಪರೆಯ ತಿರುಳೇ ಇದು. ದೇವರ ಕರುಣೆ ನೆರೆಮನೆಯ ಬಾಗಿಲನ್ನು ತಪ್ಪಿಸಿಕೊಂಡು ಬರುವುದಿಲ್ಲ.

12ನೇ ಶತಮಾನದ ಪಂಡಿತ, ವೈದ್ಯ ಮೈಮೋನಿಡಿಸ್ ಪಶ್ಚಾತ್ತಾಪಕ್ಕೂ ಕ್ಷಮೆ ಕೇಳುವುದಕ್ಕೂ ಕ್ರಮವನ್ನೇ ಬರೆದಿಟ್ಟ. ಅದೇ ಸಂದರ್ಭ ಮತ್ತೆ ಒದಗಿ, ಮಾಡುವ ಶಕ್ತಿಯಿದ್ದೂ ಆ ಪಾಪವನ್ನು ಮಾಡದೆ ಉಳಿದವನದೇ ಪೂರ್ಣ ಪಶ್ಚಾತ್ತಾಪ. ನೊಂದವನು ಕ್ಷಮಿಸದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಬೇಕು. ಒಪ್ಪದಿದ್ದರೆ ಎರಡನೇ ಸಲ, ಮೂರನೇ ಸಲ. ಆಗಲೂ ಮುಖ ತಿರುಗಿಸಿದರೆ ತಪ್ಪು ಕ್ಷಮಿಸದವನದು. ನೊಂದವನು ಗುರುವಾಗಿದ್ದರೆ ಸಾವಿರ ಸಲವಾದರೂ ಸರಿ, ಹೋಗಲೇಬೇಕು. ನೊಂದವನು ತೀರಿಕೊಂಡಿದ್ದರೆ? ಹತ್ತು ಜನರನ್ನು ಸಮಾಧಿಯ ಬಳಿ ನಿಲ್ಲಿಸಿಕೊಂಡು ತಪ್ಪೊಪ್ಪಿಕೊಳ್ಳಬೇಕು. ಹಣ ಬಾಕಿಯಿದ್ದರೆ ವಾರಸುದಾರರಿಗೆ ಕೊಡಬೇಕು. ವಾರಸುದಾರರು ಯಾರೆಂದು ಗೊತ್ತಿಲ್ಲದಿದ್ದರೆ ನ್ಯಾಯಸಭೆಗೆ ಒಪ್ಪಿಸಬೇಕು.